ಹಡಗು ಹೊರಡುವುದು ಎಲ್ಲಿಂದ?

ವಿದೇಶ ಪ್ರವಾಸದ ಬಣ್ಣದ ಕರಪತ್ರ ಮನೆಗೆ ಬಂದರೆ ಮಕ್ಕಳ ಕಣ್ಣು ಮೊದಲು ಹೋಗುವುದು ಹಡಗಿನ ಚಿತ್ರದ ಮೇಲೆ. ಹತ್ತು ಹದಿನೈದು ಅಂತಸ್ತಿನ ಬಿಳಿಯ ಹಡಗು, ಅದರ ನೆತ್ತಿಯ ಮೇಲೊಂದು ಈಜುಕೊಳ. ತಂದೆಯ ಕಣ್ಣು ದರದ ಮೇಲೆ, ತಾಯಿಯ ಕಣ್ಣು ಊಟದ ವಿವರದ ಮೇಲೆ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ‘ಹೊರಡುವ ಸ್ಥಳ: ರೋಮ್’ ಎಂಬ ಸಾಲನ್ನು ಮಾತ್ರ ಯಾರೂ ಓದುವುದಿಲ್ಲ.

ಓದಬೇಕಾದ ಸಾಲು ಅದೇ. ರೋಮಿನ ನಡುಪೇಟೆಯಲ್ಲಿ ನಿಂತರೆ ಸಮುದ್ರ ಕಾಣುವುದಿಲ್ಲ. ಹಡಗು ನಿಲ್ಲುವುದು ಅಲ್ಲಿಂದ 70 ಕಿಲೋಮೀಟರಿಗೂ ಹೆಚ್ಚು ದೂರದ ಚಿವಿಟವೆಕ್ಕಿಯಾ ಎಂಬ ಬೇರೊಂದು ಊರಿನಲ್ಲಿ! ಮೆಡಿಟರೇನಿಯನ್ ಸಮುದ್ರದ ನೌಕಾವಿಹಾರದಲ್ಲಿ ಯಾವ ಬಂದರಿನಿಂದ ಹೊರಡುವುದು ಎಂಬ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ನೋಡುವ ಊರು, ತಗಲುವ ಖರ್ಚು, ಬೇಕಾದ ವೀಸಾ, ಕೊನೆಗೆ ಪ್ರಯಾಣದ ಸುರಕ್ಷತೆಯ ವಿಷಯದಲ್ಲೂ ಅರ್ಧ ಕೆಲಸ ಮುಗಿದಂತೆ. ಅದಕ್ಕೆ ಬೇಕಾದ ಸಾಮಗ್ರಿ ಎಲ್ಲ ವಿದ್ಯಾರ್ಥಿಗಳ ಬಳಿಯೂ ಇದೆ: ಒಂದು ಅಟ್ಲಾಸ್, ಒಂದು ಮೊಳ ದಾರ.

ನೆಲದ ನಡುವಿನ ನೀರು

‘ಮೆಡಿಟರೇನಿಯನ್’ ಎಂಬ ಹೆಸರಿನ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ನೆಲದ ನಡುವೆ ಇರುವಂಥದು ಎಂದು ಅದರ ಅರ್ಥ. ಉತ್ತರಕ್ಕೆ ಯೂರೋಪ್, ದಕ್ಷಿಣಕ್ಕೆ ಆಫ್ರಿಕ, ಪೂರ್ವಕ್ಕೆ ಏಷ್ಯ. ಸುಮಾರು 25 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಈ ಸಮುದ್ರ ಅಟ್ಲಾಂಟಿಕ್ ಸಾಗರವನ್ನು ಕೂಡುವುದು ಜಿಬ್ರಾಲ್ಟರ್ ಜಲಸಂಧಿಯಲ್ಲಿ. ಅದರ ಅತಿ ಕಿರಿದಾದ ಜಾಗದ ಅಗಲ ಕೇವಲ 14 ಕಿಲೋಮೀಟರ್.

ಬಾಗಿಲು ಇಷ್ಟು ಕಿರಿದಾದ್ದರಿಂದ ಅಟ್ಲಾಂಟಿಕ್‌ನ ಉಬ್ಬರವಿಳಿತ ಒಳಗೆ ಹೆಚ್ಚು ನುಗ್ಗುವುದಿಲ್ಲ. ನಮ್ಮ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿನಷ್ಟು ಏರಿ ಇಳಿಯುವುದುಂಟು. ಮೆಡಿಟರೇನಿಯನ್ನಿನ ಬಹುಪಾಲು ಬಂದರುಗಳಲ್ಲಿ ಈ ಏರಿಳಿತ ಒಂದೆರಡು ಗೇಣಿನಷ್ಟು ಮಾತ್ರ. ಆದ್ದರಿಂದ ಹಡಗುಗಳು ಉಬ್ಬರಕ್ಕಾಗಿ ಕಾಯಬೇಕಿಲ್ಲ; ರೈಲಿನ ವೇಳಾಪಟ್ಟಿಯಂತೆ ಬೆಳಿಗ್ಗೆ ಏಳಕ್ಕೆ ಬಂದು ಸಂಜೆ ಆರಕ್ಕೆ ಹೊರಡಬಹುದು. ಈ ಸಮುದ್ರದಲ್ಲಿ ನೌಕಾವಿಹಾರ ಇಷ್ಟು ಬೆಳೆಯಲು ಇದೂ ಒಂದು ಕಾರಣ.

ರಾತ್ರಿ ಓಟ, ಹಗಲು ನಿಲುಗಡೆ

ವಿಹಾರ ನೌಕೆಯ ಸೂತ್ರ ಸರಳ. ಪ್ರಯಾಣಿಕರು ಮಲಗಿರುವಾಗ ಹಡಗು ಓಡುತ್ತದೆ, ಅವರು ಊರು ನೋಡುವಾಗ ಹಡಗು ನಿಲ್ಲುತ್ತದೆ. ಒಂದು ರಾತ್ರಿಯಲ್ಲಿ ಎಷ್ಟು ದೂರ ಹೋಗಬಹುದು? ಹಡಗಿನ ವೇಗವನ್ನು ಹೇಳುವುದು ನಾಟ್ ಎಂಬ ಅಳತೆಯಲ್ಲಿ. ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್ ಸಾಗಿದರೆ ಒಂದು ನಾಟ್. 18 ನಾಟ್ ವೇಗದ ಹಡಗು ಸಂಜೆ ಆರರಿಂದ ಬೆಳಿಗ್ಗೆ ಏಳರವರೆಗೆ, 13 ಗಂಟೆಗಳಲ್ಲಿ, 234 ನಾಟಿಕಲ್ ಮೈಲಿ ಕ್ರಮಿಸುತ್ತದೆ.

ಈಗ ಅಟ್ಲಾಸ್ ತೆಗೆಯಿರಿ. ಒಂದು ಡಿಗ್ರಿ ಅಕ್ಷಾಂಶ ಎಂದರೆ 60 ನಾಟಿಕಲ್ ಮೈಲಿ. ಸ್ಪೇನಿನ ಬಾರ್ಸಿಲೋನಾದಿಂದ ಫ್ರಾನ್ಸಿನ ಮಾರ್ಸೇಲ್ಸ್‌ವರೆಗೆ ದಾರ ಹಿಡಿದು, ಆ ಉದ್ದವನ್ನು ನಕ್ಷೆಯ ಎಡ ಅಂಚಿನ ಅಕ್ಷಾಂಶದ ಗೆರೆಗಳಿಗೆ ಹೋಲಿಸಿ. ಮೂರು ಡಿಗ್ರಿಗಿಂತ ತುಸು ಹೆಚ್ಚು, ಸುಮಾರು 185 ನಾಟಿಕಲ್ ಮೈಲಿ ಬರುತ್ತದೆ. ಒಂದು ರಾತ್ರಿಗೆ ಸರಿಹೋಯಿತು! ಮೇಲಂಚಿನ ರೇಖಾಂಶದಲ್ಲಿ ಅಳೆಯಬಾರದು. ಧ್ರುವದತ್ತ ಹೋದಂತೆ ರೇಖಾಂಶಗಳ ನಡುವಿನ ಅಂತರ ಕಿರಿದಾಗುವುದರಿಂದ ಲೆಕ್ಕ ತಪ್ಪುತ್ತದೆ.

ಬಾರ್ಸಿಲೋನಾದಿಂದ ಚಿವಿಟವೆಕ್ಕಿಯಾಕ್ಕೆ ದಾರ ಹಿಡಿದರೆ ಏಳು ಡಿಗ್ರಿ ದಾಟುತ್ತದೆ. ಅದು ಒಂದು ರಾತ್ರಿಯ ದಾರಿಯಲ್ಲ. ನಡುವೆ ಒಂದು ಹಗಲು ಪೂರ್ತಿ ನೀರಿನ ಮೇಲೆಯೇ. ಮಜೋರ್ಕಾ ದ್ವೀಪದ ಪಾಲ್ಮಾ ಬಂದರಂತೂ ಇನ್ನೂ ಸ್ವಾರಸ್ಯದ್ದು. ಬಾರ್ಸಿಲೋನಾದಿಂದ ನೇರ ಗೆರೆ ಎಳೆದರೆ ಅದು ದ್ವೀಪದ ನೆಲದ ಮೇಲೆಯೇ ಹಾದುಹೋಗುತ್ತದೆ. ಪಾಲ್ಮಾ ಇರುವುದು ದ್ವೀಪದ ದಕ್ಷಿಣದ ಕೊಲ್ಲಿಯಲ್ಲಿ. ವಿಮಾನಕ್ಕೆ ನೇರ ದಾರಿ ಸಾಕು. ಹಡಗು ಬಳಸಿಕೊಂಡು ಹೋಗಲೇಬೇಕು. ದಾರ ಬಾಗಬಲ್ಲದು, ಸ್ಕೇಲು ಬಾಗದು. ಅಳತೆಗೆ ದಾರವನ್ನೇ ಹಿಡಿಯಬೇಕೆನ್ನುವುದು ಅದಕ್ಕಾಗಿ.

ಏಳು ದಿನದ ವಿಹಾರ ಮೆಡಿಟರೇನಿಯನ್ನಿನ ಒಂದು ಮೂಲೆಯನ್ನಷ್ಟೇ ತೋರಿಸಬಲ್ಲದು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಬಾರ್ಸಿಲೋನಾ, ಜಿನೋವಾ ಅಥವಾ ಚಿವಿಟವೆಕ್ಕಿಯಾದಿಂದ ಹೊರಟರೆ ಪಶ್ಚಿಮದ ಸುತ್ತು. ಗೆಲಿಲಿಯೋ 1564ರಲ್ಲಿ ಹುಟ್ಟಿದ ಪೀಸಾ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೈ ಈ ದಾರಿಯಲ್ಲಿವೆ. ಅಥೆನ್ಸ್‌ನ ಬಂದರಾದ ಪಿರಿಯಸ್‌ನಿಂದ ಹೊರಟರೆ ಪೂರ್ವದ ಸುತ್ತು: ಏಜಿಯನ್ ಸಮುದ್ರದ ದ್ವೀಪಗಳು, ಟರ್ಕಿಯ ಕರಾವಳಿ, ಅಲ್ಲಿನ ಎಫೆಸಸ್ ಅವಶೇಷಗಳು. ಪೊಂಪೈ ನೋಡಬೇಕೆಂಬ ಮಗುವನ್ನು ದರ ಕಡಿಮೆಯೆಂದು ಪಿರಿಯಸ್‌ನಿಂದ ಹಡಗು ಹತ್ತಿಸಿದರೆ ಫಲವೇನು?

ಬಂದು ಹೋಗುವ ಬಂದರು ಬೇರೆ

ಹಡಗು ನಿಂತ ಊರೆಲ್ಲವೂ ಹೊರಡುವ ಬಂದರಾಗುವುದಿಲ್ಲ. ನಮ್ಮ ನವಮಂಗಳೂರು ಬಂದರಿಗೂ ವಿದೇಶಿ ವಿಹಾರ ನೌಕೆಗಳು ಬಂದುಹೋಗುವುದುಂಟು. ಪ್ರವಾಸಿಗರು ಬೆಳಿಗ್ಗೆ ಇಳಿದು, ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೋ ಕಾರ್ಕಳದ ಗೊಮ್ಮಟನನ್ನೋ ನೋಡಿ, ಸಂಜೆಗೆ ಮರಳಿ ಹಡಗು ಸೇರುತ್ತಾರೆ. ಇದು ಬಂದುಹೋಗುವ ಬಂದರು. ಪ್ರಯಾಣ ಆರಂಭವಾಗುವ ಬಂದರಿನ ಹೊಣೆ ಇನ್ನೂ ದೊಡ್ಡದು. ಒಂದೇ ಹಗಲಿನಲ್ಲಿ ಮೂರು ನಾಲ್ಕು ಸಾವಿರ ಮಂದಿ ಪೆಟ್ಟಿಗೆಗಳೊಡನೆ ಇಳಿಯಬೇಕು, ಅಷ್ಟೇ ಮಂದಿ ಹತ್ತಬೇಕು. ವಾರದ ದಿನಸಿ, ಇಂಧನ, ಒಗೆದ ಬಟ್ಟೆ ಒಳಗೆ ಹೋಗಬೇಕು, ಕಸ ಹೊರಗೆ ಬರಬೇಕು. ಇದಕ್ಕೆ 300 ಮೀಟರಿಗೂ ಉದ್ದದ ಹಡಗುಕಟ್ಟೆ, ಹಡಗಿನ ತಳ ತಾಗದಷ್ಟು ಆಳದ ನೀರು, ಹತ್ತಿರದಲ್ಲೊಂದು ದೊಡ್ಡ ವಿಮಾನ ನಿಲ್ದಾಣ ಇರಲೇಬೇಕು.

ಗ್ರೀಸಿನ ಸ್ಯಾಂಟೊರಿನಿಯನ್ನು ನೋಡಿ. ಜ್ವಾಲಾಮುಖಿ ಕುಸಿದು ಆದ ಬೋಗುಣಿಯಲ್ಲಿ ಸಮುದ್ರ ತುಂಬಿಕೊಂಡಿರುವ ಜಾಗ ಅದು. ದಂಡೆಯಿಂದಲೇ ನೀರು ಕಡಿದಾಗಿ ಆಳವಾಗುವುದರಿಂದ ದೊಡ್ಡ ಹಡಗುಗಳು ದೂರದಲ್ಲೇ ನಿಂತು ದೋಣಿಗಳಲ್ಲಿ ಜನರನ್ನು ಕಳುಹಿಸುತ್ತವೆ. ಚಿತ್ರದಲ್ಲಿ ಅದಕ್ಕಿಂತ ಸುಂದರ ಊರಿಲ್ಲ; ಆದರೂ ದೊಡ್ಡ ಹಡಗಿನ ಪ್ರಯಾಣ ಅಲ್ಲಿಂದ ಆರಂಭವಾಗುವುದು ಕಷ್ಟ. ಇನ್ನು ಚಿವಿಟವೆಕ್ಕಿಯಾದಲ್ಲಿ ಸುಮಾರು 1,900 ವರ್ಷಗಳ ಹಿಂದೆ ಬಂದರು ಕಟ್ಟಿಸಿದವನು ರೋಮ್ ಚಕ್ರವರ್ತಿ ಟ್ರೇಜನ್. ಅಲೆಗಳನ್ನು ತಡೆಯಲು ಅವನು ಸಮುದ್ರಕ್ಕೆ ಕಲ್ಲು ಸುರಿಸಿದ ಕಡೆಯೇ ಇಂದಿಗೂ ಹಡಗುಗಳು ನಿಲ್ಲುತ್ತಿವೆ.

ಹೆಸರೊಂದು, ಊರೊಂದು

ಮೊದಲು ಹೇಳಿದ ರೋಮಿನ ಕಥೆ ಅದೊಂದರದೇ ಅಲ್ಲ. ಕರಪತ್ರದಲ್ಲಿ ‘ವೆನಿಸ್’ ಎಂದಿದ್ದರೆ ಈಗ ಇನ್ನೂ ಎಚ್ಚರ ಬೇಕು. ಮೊದಲೆಲ್ಲ ದೊಡ್ಡ ಹಡಗುಗಳು ಆ ನಗರದ ಜ್ಯೂಡೆಕಾ ಕಾಲುವೆಯಲ್ಲೇ, ಹಳೆಯ ಅರಮನೆಗಳ ಮಗ್ಗುಲಲ್ಲೇ ಸಾಗುತ್ತಿದ್ದವು. ಮರದ ಕಂಬಗಳನ್ನು ಕೆಸರಿಗಿಳಿಸಿ ಕಟ್ಟಿದ ಊರು ಅದು. ಹಡಗು ತಳ್ಳುವ ನೀರು ಅಡಿಪಾಯವನ್ನು ಸವೆಸುತ್ತದೆಂದು ಅಲ್ಲಿನ ನಿವಾಸಿಗಳು ವರ್ಷಗಟ್ಟಲೆ ಕೂಗಿಟ್ಟರು. 2019ರ ಜೂನ್ 2ರಂದು ಹತೋಟಿ ತಪ್ಪಿದ ದೊಡ್ಡ ಹಡಗೊಂದು ಕಟ್ಟೆಗೂ ಪ್ರವಾಸಿ ದೋಣಿಗೂ ಬಡಿದು ಕೆಲವರು ಗಾಯಗೊಂಡರು. ಕೊನೆಗೆ 2021ರ ಆಗಸ್ಟ್ 1ರಿಂದ 25,000 ಟನ್ನೇಜಿಗೆ ಮೀರಿದ ಅಥವಾ 180 ಮೀಟರಿಗಿಂತ ಉದ್ದದ ಹಡಗುಗಳಿಗೆ ಆ ಕಾಲುವೆಯನ್ನು ಇಟಲಿ ಸರ್ಕಾರ ಮುಚ್ಚಿತು.

ಹೀಗಾಗಿ ‘ವೆನಿಸ್’ ಎಂದು ಮಾರುವ ಪ್ರಯಾಣ ಮಾರ್ಗೇರಾದ ಕೈಗಾರಿಕಾ ಬಂದರಿನಿಂದಲೋ, ಟ್ರಿಯೆಸ್ಟ್‌ನಿಂದಲೋ, ರಸ್ತೆಯಲ್ಲಿ ಸುಮಾರು 150 ಕಿಲೋಮೀಟರ್ ದೂರದ ರವೆನ್ನಾದಿಂದಲೋ ಹೊರಡುವುದುಂಟು. ಅತ್ತ ಬಾರ್ಸಿಲೋನಾದಲ್ಲೂ ಜನಜಂಗುಳಿಯ ದೂರು ಹೆಚ್ಚಿ, 2030ರೊಳಗೆ ವಿಹಾರ ನೌಕೆಗಳ ನಿಲ್ದಾಣಗಳನ್ನು 7ರಿಂದ 5ಕ್ಕೆ ಇಳಿಸಲು 2025ರ ಜುಲೈನಲ್ಲಿ ಒಪ್ಪಂದವಾಯಿತು. ಬಂದರಿನ ಹಿಂದೆ ಜನರ ಬದುಕಿದೆ. ಅದರ ಭಾರಕ್ಕೂ ಮಿತಿಯಿದೆ ಎಂಬುದು ಮಕ್ಕಳಿಗೂ ತಿಳಿಯಬೇಕಾದ ಮಾತು. ಸಮಾಧಾನದ ಸಂಗತಿಯೆಂದರೆ, 2025ರ ಮೇ 1ರಿಂದ ಇಡೀ ಮೆಡಿಟರೇನಿಯನ್ನಿನಲ್ಲಿ ಹಡಗುಗಳ ಇಂಧನದಲ್ಲಿ ಗಂಧಕ ಶೇಕಡ 0.1ನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದಿದೆ.

ವೃತ್ತಕ್ಕೆ ಮೊದಲೆಲ್ಲಿ?

ವೃತ್ತಕ್ಕೆ ಆರಂಭದ ಬಿಂದುವಿಲ್ಲ ಎಂದು ರೇಖಾಗಣಿತದಲ್ಲಿ ಓದುತ್ತೇವೆ. ಪಶ್ಚಿಮ ಮೆಡಿಟರೇನಿಯನ್ನಿನ ಕೆಲವು ಹಡಗುಗಳಿಗೆ ಇದು ಅಕ್ಷರಶಃ ಅನ್ವಯಿಸುತ್ತದೆ. ವಾರಕ್ಕೊಂದು ಸುತ್ತು ಹಾಕುವ ಹಡಗಿಗೆ ಕೆಲವರು ಬಾರ್ಸಿಲೋನಾದಲ್ಲಿ ಹತ್ತಿದರೆ ಕೆಲವರು ಮಾರ್ಸೇಲ್ಸ್‌ನಲ್ಲಿ, ಇನ್ನು ಕೆಲವರು ಜಿನೋವಾದಲ್ಲಿ ಹತ್ತುತ್ತಾರೆ. ಏಳು ದಿನಗಳ ನಂತರ ಹತ್ತಿದಲ್ಲೇ ಇಳಿಯುತ್ತಾರೆ. ಅಗ್ಗದ ವಿಮಾನ ಎಲ್ಲಿಗೆ ಸಿಗುತ್ತದೋ ಅಲ್ಲಿಂದ ಹತ್ತುವ ಅನುಕೂಲ ಇದರಲ್ಲಿದೆ.

ಇದೇ ಅನುಕೂಲದಲ್ಲಿ ಒಂದು ಅಪಾಯವೂ ಅಡಗಿತ್ತು. 2012ರ ಜನವರಿ 13ರ ಸಂಜೆ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು 4,200ಕ್ಕೂ ಹೆಚ್ಚು ಮಂದಿಯನ್ನು ಹೊತ್ತು ಚಿವಿಟವೆಕ್ಕಿಯಾದಿಂದ ಸವೋನಾಕ್ಕೆ ಹೊರಟಿತು. ಕೆಲವೇ ಗಂಟೆಗಳಲ್ಲಿ ಜಿಗ್ಲಿಯೋ ದ್ವೀಪದ ಬಂಡೆಗೆ ಉಜ್ಜಿ ಹೊಟ್ಟೆ ಸೀಳಿಕೊಂಡು ವಾಲಿತು. 32 ಮಂದಿ ಸತ್ತರು. ಆ ಸಂಜೆ ಚಿವಿಟವೆಕ್ಕಿಯಾದಲ್ಲಿ ಹತ್ತಿದ್ದ ಸುಮಾರು 700 ಪ್ರಯಾಣಿಕರಿಗೆ ಜೀವರಕ್ಷಣೆಯ ತಾಲೀಮು ಆಗಿರಲೇ ಇಲ್ಲ! ಹತ್ತಿದ 24 ಗಂಟೆಗಳೊಳಗೆ ತಾಲೀಮು ನಡೆಸಿದರೆ ಸಾಕೆಂದು ಆಗಿನ ನಿಯಮ ಹೇಳುತ್ತಿತ್ತು. ಲೈಫ್ ಜಾಕೆಟ್ ಎಲ್ಲಿದೆ, ಯಾವ ದೋಣಿಯ ಬಳಿ ಸೇರಬೇಕು ಎಂಬುದು ತಿಳಿಯುವ ಮೊದಲೇ ಕತ್ತಲೆ, ಗದ್ದಲ, ವಾಲಿದ ನೆಲ ಎದುರಾದವು.

ಆ ದುರಂತದ ನಂತರ ಅಂತರರಾಷ್ಟ್ರೀಯ ನಿಯಮ ಬದಲಾಯಿತು. 2015ರ ಜನವರಿ 1ರಿಂದ ಹೊಸದಾಗಿ ಹತ್ತಿದವರಿಗೆ ಹಡಗು ಹೊರಡುವ ಮೊದಲೇ, ತಪ್ಪಿದರೆ ಹೊರಟ ತಕ್ಷಣವೇ, ತಾಲೀಮು ಆಗಬೇಕು. ಯಾವ ಬಂದರಿನಲ್ಲಿ ಹತ್ತಿದರೂ ಕೋಣೆಗೆ ಹೋಗಿ ಮಲಗುವ ಮುನ್ನ ಮನೆಮಂದಿಯೆಲ್ಲ ತಮ್ಮ ಸೇರುವ ಜಾಗವನ್ನು ಕಾಲ್ನಡಿಗೆಯಲ್ಲಿ ಒಮ್ಮೆ ಹೋಗಿ ನೋಡಿ ಬರಬೇಕು. ಈಜುಕೊಳಕ್ಕೆ ಆಮೇಲೆ ಹೋಗಬಹುದು.

ಗಾಳಿಯ ಮಾತು

ಒಳಸಮುದ್ರವೆಂದರೆ ಶಾಂತವಾಗಿರುತ್ತದೆಂದು ಭಾವಿಸುವುದು ತಪ್ಪು. ಇಲ್ಲಿಯ ಗಾಳಿಗಳಿಗೆ ಹೆಸರೇ ಇವೆ. ಫ್ರಾನ್ಸಿನ ರೋನ್ ನದಿಯ ಕಣಿವೆಯಲ್ಲಿ ಕೊಳವೆಯಲ್ಲಿ ಬಂದಂತೆ ನುಗ್ಗಿಬರುವ ತಣ್ಣನೆಯ ‘ಮಿಸ್ಟ್ರಲ್’ ಮಾರ್ಸೇಲ್ಸ್ ಮುಂದಿನ ಕೊಲ್ಲಿಯನ್ನು ಕಲಕುತ್ತದೆ. ಬೆಟ್ಟಗಳಿಂದ ಧುಮುಕುವ ‘ಬೋರಾ’ ಟ್ರಿಯೆಸ್ಟ್‌ನ ಚಳಿಗಾಲದ ಕಾಟ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಆಕಾಶ ನಿರ್ಮಲವಾಗಿದ್ದರೂ ಏಜಿಯನ್‌ನಲ್ಲಿ ಉತ್ತರದಿಂದ ‘ಮೆಲ್ಟೆಮಿ’ ಬೀಸುತ್ತದೆ. ಗಾಳಿ ಮಿತಿಮೀರಿದರೆ ನಾವಿಕರು ಒಂದೆರಡು ದ್ವೀಪಗಳನ್ನು ಬಿಟ್ಟು ಮುಂದೆ ಹೋಗುವುದೂ ಉಂಟು. ಬೇಸಿಗೆ ರಜೆ ಕಾದು ಹೊರಡುವವರು ಪೂರ್ವದ ಬಂದರನ್ನು ಆರಿಸುವಾಗ ಇದನ್ನು ನೆನಪಿಡಬೇಕು.

ಕಾಗದ, ಗಡಿಯಾರ

ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಸ್ಪೇನ್, ಫ್ರಾನ್ಸ್, ಇಟಲಿ, ಗ್ರೀಸ್‌ಗಳಿಗೆ ಷೆಂಗೆನ್ ವೀಸಾ ಬೇಕು. 2023ರಿಂದ ಕ್ರೊಯೇಷಿಯವೂ ಆ ಕೂಟದಲ್ಲಿದೆ. ಟರ್ಕಿ, ಟ್ಯುನೀಷಿಯ, ಮಾಂಟೆನೆಗ್ರೊ ಅದರ ಹೊರಗಿವೆ. ಹಡಗು ಇಟಲಿಯಿಂದ ಹೊರಟು ಟ್ಯುನೀಷಿಯ ಮುಟ್ಟಿ ಮತ್ತೆ ಇಟಲಿಗೆ ಬಂದರೆ ಅದು ಎರಡನೆಯ ಪ್ರವೇಶ. ಒಂದೇ ಸಲದ ವೀಸಾ ಸಾಲದು. ಅರ್ಜಿ ಕೊಡಬೇಕಾದದ್ದು ಹೆಚ್ಚು ದಿನ ತಂಗುವ ದೇಶಕ್ಕೆ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಹೊರಡುವ ಬಂದರು ಗೊತ್ತಾಗದೆ ವೀಸಾ ಅರ್ಜಿಯೂ ಮುಂದೆ ಸಾಗದು.

ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ಬೆಂಗಳೂರಿನಿಂದ ಹೊರಟ ವಿಮಾನ ನಡುದಾರಿಯಲ್ಲಿ ತಡವಾದರೆ ವಾರದ ಪ್ರವಾಸವೇ ಕೈತಪ್ಪಬಹುದು. ಹಿಂದಿನ ದಿನವೇ ಬಂದರಿನ ಊರು ಸೇರುವುದು ಜಾಣತನ. ಬಾರ್ಸಿಲೋನಾದಲ್ಲಿ ಬಂದರು ಪೇಟೆಯ ಅಂಚಿನಲ್ಲೇ ಇದೆ. ಪಿರಿಯಸ್‌ಗೆ 2022ರ ಅಕ್ಟೋಬರ್‌ನಿಂದ ಅಥೆನ್ಸ್ ವಿಮಾನ ನಿಲ್ದಾಣದಿಂದಲೇ ನೇರ ಮೆಟ್ರೊ ರೈಲಿದೆ. ಚಿವಿಟವೆಕ್ಕಿಯಾಕ್ಕೆ ರೋಮಿನಿಂದ ರೈಲಿನಲ್ಲಿ ಒಂದು ಗಂಟೆಯ ಆಸುಪಾಸು. ಈ ರೈಲು, ಬಸ್ಸು, ಒಂದು ರಾತ್ರಿಯ ವಸತಿಯ ಖರ್ಚನ್ನು ಹಡಗಿನ ದರಕ್ಕೆ ಕೂಡಿಸಿ ನೋಡಿದಾಗಲೇ ಯಾವುದು ಅಗ್ಗ ಎಂಬುದು ಖಚಿತವಾಗುವುದು.

ಆದ್ದರಿಂದ ಮುಂಗಡ ಹಣ ಕಟ್ಟುವ ಮೊದಲು ಪ್ರವಾಸ ಸಂಸ್ಥೆಯವರನ್ನು ಮೂರು ಪ್ರಶ್ನೆ ಕೇಳಿ. ಹಡಗುಕಟ್ಟೆ ನಿಜವಾಗಿ ಇರುವ ಊರು ಯಾವುದು? ಅಲ್ಲಿಂದ ಹೊರಟರೆ ನಮ್ಮ ಮಕ್ಕಳು ನೋಡಬಯಸುವ ಊರು ದಾರಿಯಲ್ಲಿದೆಯೇ? ಹತ್ತಿದ ದಿನವೇ ಜೀವರಕ್ಷಣೆಯ ತಾಲೀಮು ಇದೆಯೇ? ಉತ್ತರ ಬರುವಷ್ಟರಲ್ಲಿ ಮನೆಯ ಹುಡುಗ ಹುಡುಗಿಯರು ಅಟ್ಲಾಸಿನ ಮೇಲೆ ದಾರ ಹಿಡಿದು ದೂರ ಅಳೆದಿರಲಿ. ಹಡಗು ಹತ್ತುವ ಯೋಗ ಬಂದರೂ ಬಾರದಿದ್ದರೂ ಅಷ್ಟು ಪ್ರಯಾಣವಂತೂ ಅವರದಾಯಿತು.