ನೋಟ ಮರಳಿತು, ಎಳೆ ಉಳಿಯಿತೇ?

ಕಣ್ಣಾಸ್ಪತ್ರೆಯ ಕತ್ತಲೆ ಕೋಣೆ. ಡಾಕ್ಟರು ಡ್ರಾಪ್ಸ್ ಬಾಟಲಿಯ ಕೆಂಪು ಮುಚ್ಚಳವನ್ನು ಎತ್ತಿ ಹಿಡಿಯುತ್ತಾರೆ.

‘ಎಡಗಣ್ಣು ಮುಚ್ಚಿಕೊಳ್ಳಮ್ಮ. ಇದು ಯಾವ ಬಣ್ಣ?’

‘ಕೆಂಪು, ಸಾರ್.’

‘ಈಗ ಬಲಗಣ್ಣು ಮುಚ್ಚು.’

ಹುಡುಗಿ ತಡವರಿಸುತ್ತಾಳೆ. ‘ಇದೂ ಕೆಂಪೇ. ಆದ್ರೆ ಮಾಸಿ ಹೋಗಿದೆ.’

ತೊಳೆದು ತೊಳೆದು ಬಣ್ಣ ಬಿಟ್ಟ ಸೆರಗಿನಂಥ ಆ ಕೆಂಪೇ ರೋಗದ ಸುಳಿವು. ಈ ಕುರ್ಚಿಗೆ ಬರುವವರಲ್ಲಿ ಇಪ್ಪತ್ತರಿಂದ ನಲವತ್ತರೊಳಗಿನ ಹೆಂಗಸರೇ ಹೆಚ್ಚು. ಹೇಳುವುದೂ ಬಹುತೇಕ ಒಂದೇ: ಕಣ್ಣು ಹೊರಳಿಸಿದರೆ ಗುಡ್ಡೆಯ ಹಿಂದೆ ನೋವು, ಕೆಲವೇ ದಿನಗಳಲ್ಲಿ ನೋಟದ ನಟ್ಟನಡುವೆ ಕವಿದ ಮಬ್ಬು. ಬಿಸಿನೀರಿನ ಸ್ನಾನ ಮುಗಿಸಿ ಬಂದರೆ ಕೆಲವರಿಗೆ ಆ ಮಬ್ಬು ಇನ್ನೂ ದಟ್ಟ. ಮೈ ಕಾದಾಗ ನೋಟ ಕುಂದುವುದನ್ನು 1890ರಲ್ಲಿ ದಾಖಲಿಸಿದ ಜರ್ಮನ್ ವೈದ್ಯ ವಿಲ್‌ಹೆಲ್ಮ್ ಉಟ್‌ಹಾಫ್ ಹೆಸರೇ ಆ ಲಕ್ಷಣಕ್ಕೆ ಉಳಿದಿದೆ.

ಟಾರ್ಚು ಕಣ್ಣಿನಿಂದ ಕಣ್ಣಿಗೆ ತೂಗುತ್ತದೆ. ಬೆಳಕು ಬಲಕ್ಕೆ ಬಿದ್ದಾಗ ಪಾಪೆಗಳೆರಡೂ ಕುಗ್ಗುತ್ತವೆ. ಎಡಕ್ಕೆ ಸರಿದೊಡನೆ, ಕುಗ್ಗಿಯೇ ಇರಬೇಕಾದ ಪಾಪೆ ಮೆಲ್ಲಗೆ ಹಿಗ್ಗುತ್ತದೆ. ಇಷ್ಟಾಗಿಯೂ ಕಣ್ಣಿನೊಳಗೆ ಇಣುಕಿದರೆ ಮೂವರಲ್ಲಿ ಇಬ್ಬರಿಗೆ ಎಲ್ಲವೂ ನೆಟ್ಟಗೇ ಕಾಣುತ್ತದೆ. ಉರಿಯೂತವಿರುವುದು ಗುಡ್ಡೆಯ ಹಿಂದಿನ ದೃಷ್ಟಿನರದಲ್ಲಿ. ಕೇಸ್ ಷೀಟಿನ ಮೇಲೆ ಬೀಳುವ ಹೆಸರು ಆಪ್ಟಿಕ್ ನ್ಯೂರೈಟಿಸ್.

ಐದು ಸೆಂಟಿಮೀಟರ್ ಆಸುಪಾಸಿನ ಆ ನರದೊಳಗೆ ಸುಮಾರು ಹತ್ತು ಲಕ್ಷ ಎಳೆಗಳು. ಗುಡ್ಡೆ ದಾಟುತ್ತಲೇ ಅವಕ್ಕೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ. ದೇಹವನ್ನು ಕಾಯಬೇಕಾದ ರಕ್ಷಣಾ ಕೋಶಗಳೇ ಆ ಹೊದಿಕೆಯನ್ನು ಕಿತ್ತಾಗ ಸಂಕೇತ ನಿಧಾನವಾಗುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಹಾಗೆಂದು ಎಳೆ ಸತ್ತಿತೆಂದಲ್ಲ. ಅದಕ್ಕೆ ಸಾವು ಬರುವುದು ಬೇರೆ ದಾರಿಯಲ್ಲಿ: ಉರಿಯೂತದಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಎಳೆಯ ಶಕ್ತಿಯ ಮೂಲವನ್ನೇ ಬತ್ತಿಸುತ್ತದೆ. ಒಳನುಗ್ಗಿದ ಸೋಡಿಯಂ ಅನ್ನು ಹೊರದಬ್ಬುವ ತ್ರಾಣ ಅದಕ್ಕಿಲ್ಲ. ಬದಲಿ ದಾರಿಯಲ್ಲಿ ಸೋಡಿಯಂ ಹೊರಬಿದ್ದರೆ ಅದೇ ದಾರಿಯಲ್ಲಿ ಕ್ಯಾಲ್ಸಿಯಂ ಒಳಬರುತ್ತದೆ. ಅದು ಕೆಣಕಿದ ಕಿಣ್ವಗಳು ಎಳೆಯನ್ನು ಒಳಗಿಂದಲೇ ಕಡಿದುಹಾಕುತ್ತವೆ.

ವಾರ್ಡಿನಲ್ಲಿ ಮೂರು ದಿನ ಡ್ರಿಪ್. ದಿನಕ್ಕೊಂದು ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್. ಅಮೆರಿಕದಲ್ಲಿ 457 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 1992ರಲ್ಲಿ ಹೊರಬಿತ್ತು. ಡ್ರಿಪ್ ಪಡೆದವರಿಗೆ ನೋಟ ಬೇಗ ಮರಳಿತ್ತು, ನಿಜ. ಆದರೆ ವರ್ಷ ತುಂಬುವಷ್ಟರಲ್ಲಿ ಪಡೆಯದವರೂ ಹೆಚ್ಚೂಕಡಿಮೆ ಅಲ್ಲಿಗೇ ಬಂದು ತಲುಪಿದ್ದರು. ಅಕ್ವಾಪೊರಿನ್-4 ಪ್ರತಿಕಾಯವಿರುವ ಉಗ್ರ ಬಗೆಯಲ್ಲಿ ಮಾತ್ರ ಲೆಕ್ಕ ಬೇರೆ: ಅಲ್ಲಿ ಚಿಕಿತ್ಸೆ ತಡವಾದಷ್ಟೂ ನೋಟ ಕೈತಪ್ಪುತ್ತದೆ.

ತಿಂಗಳುಗಳ ಬಳಿಕ ಓಸಿಟಿ ಸ್ಕ್ಯಾನ್ ಕೋಣೆ. ಗದ್ದ ಊರಿ, ಹಣೆ ಒತ್ತಿ, ಯಂತ್ರದೊಳಗಿನ ಗುರುತನ್ನು ರೆಪ್ಪೆ ಬಡಿಯದೆ ದಿಟ್ಟಿಸಬೇಕು. ಪರದೆಯ ಮೇಲೆ ಅಕ್ಷಿಪಟಲ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಆರೋಗ್ಯವಂತ ಕಣ್ಣಲ್ಲಿ ನರತಂತುಗಳ ಪದರ ಸುಮಾರು ನೂರು ಮೈಕ್ರಾನ್ ದಪ್ಪ. ಪೆಟ್ಟು ತಿಂದ ಕಣ್ಣಲ್ಲಿ ಅದು ತೆಳುವಾಗಿದೆ. ಗೋಡೆಯ ಚಾರ್ಟಿನ ಕೊನೆಯ ಸಾಲನ್ನು ಓದಿ ತೋರಿಸುವವರ ಕಣ್ಣಲ್ಲೂ ಎಷ್ಟೋ ಎಳೆಗಳು ನಾಶವಾಗಿರುತ್ತವೆ.

ಆ ನಾಶವನ್ನೇ ತಡೆಯಲು ಲಂಡನ್ ಮತ್ತು ಶೆಫೀಲ್ಡ್‌ನ ವೈದ್ಯರು ಫಿಟ್ಸ್‌ಗೆ ಕೊಡುವ ಹಳೆಯ ಔಷಧ ಫೆನಿಟಾಯಿನ್ ಅನ್ನು ಕೈಗೆತ್ತಿಕೊಂಡರು. ಸೋಡಿಯಂ ನುಗ್ಗುವ ಬಾಗಿಲನ್ನೇ ಅದು ತಡೆಯುತ್ತದೆ. 2016ರಲ್ಲಿ ಬಂದ ಫಲಿತಾಂಶ: 86 ಮಂದಿಯ ಆ ಪ್ರಯೋಗದಲ್ಲಿ ಔಷಧ ಪಡೆದವರ ಪದರದ ನಷ್ಟ ಶೇ 30ರಷ್ಟು ಕಡಿಮೆ. ಅಂದರೆ ಹೆಚ್ಚಿಗೆ ಉಳಿದದ್ದು ಏಳು ಮೈಕ್ರಾನ್. ಚಾರ್ಟು ಓದುವುದರಲ್ಲಿ ಮಾತ್ರ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಜರ್ಮನಿಯಲ್ಲಿ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ಕೊಟ್ಟು ನೋಡಿದರು. 2021ರ ವರದಿಯಲ್ಲಿ ಅಷ್ಟೂ ದಕ್ಕಲಿಲ್ಲ.

ಏಳು ಮೈಕ್ರಾನ್ ಇಂದು ಚಾರ್ಟಿನಲ್ಲಿ ಕಾಣದಿರಬಹುದು. ಆದರೆ ಈ ರೋಗ ಮರುಕಳಿಸುವಂಥದ್ದು, ಮುಂದಿನ ಸಲದ ಪೆಟ್ಟನ್ನು ತಾಳಬೇಕಾದದ್ದು ಇಂದು ಉಳಿದ ಎಳೆಗಳೇ. ಫೆನಿಟಾಯಿನ್ ಪಡೆದವರೆಲ್ಲ ರೋಗ ಶುರುವಾದ ಎರಡು ವಾರದೊಳಗೆ ಬಂದವರು. ನಮ್ಮಲ್ಲಿ ಆ ಎರಡು ವಾರ ಎಷ್ಟೋ ಸಲ ಕನ್ನಡಕದಂಗಡಿಯಲ್ಲೇ ಕಳೆದುಹೋಗುತ್ತದೆ. ನಾಳೆ ಎಂಥ ಒಳ್ಳೆಯ ಔಷಧ ಬಂದರೂ, ಕಣ್ಣು ಹೊರಳಿಸಿದಾಗ ನೋವು ಮತ್ತು ಮಬ್ಬು ಒಟ್ಟಿಗೆ ಬಂದರೆ ಕಾಯದೆ ವೈದ್ಯರ ಬಳಿ ಓಡಬೇಕೆಂಬುದು ಮನೆಮನೆಗೆ ಗೊತ್ತಿಲ್ಲದಿದ್ದರೆ, ಆ ಔಷಧ ಎಳೆ ಸತ್ತ ಮೇಲೇ ಕೈಗೆ ಸಿಗುತ್ತದೆ.