ಪಾತ್ರಾಭಿನಯದ ಆಟಗಳಲ್ಲಿ ಮಿಂಚಿನ ಮಂತ್ರ ಮತ್ತು ನೀರು

ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟಗಳಲ್ಲಿ, ಅಂದರೆ ಟೇಬಲ್‌ಟಾಪ್ ರೋಲ್-ಪ್ಲೇಯಿಂಗ್ ಗೇಮ್‌ಗಳಲ್ಲಿ, ನೀರಿಗೆ ತಗುಲಿದ ಮಿಂಚಿನ ಮಂತ್ರವು ಆ ನೀರಿನಲ್ಲಿರುವ ಎಲ್ಲರನ್ನೂ ಬಾಧಿಸುತ್ತದೆಯೇ ಎಂಬುದು ಪದೇ ಪದೇ ಚರ್ಚೆಗೊಳಗಾಗುವ ಪ್ರಶ್ನೆಯಾಗಿದೆ. ಇದರ ಉತ್ತರವು ಒಂದೇ ಆಟದ ಬೇರೆ ಬೇರೆ ಆವೃತ್ತಿಗಳಲ್ಲಿಯೂ ಬದಲಾಗಿದೆ.

ನಿಯಮಗಳು

1974ರಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಪ್ರಕಾರದ ಮೊದಲ ವಾಣಿಜ್ಯ ಆಟವೆಂದು ಪರಿಗಣಿಸಲ್ಪಟ್ಟಿದೆ. ಅದರ ಅಡ್ವಾನ್ಸ್ಡ್ ಆವೃತ್ತಿಗೆ ಗ್ಯಾರಿ ಗೈಗ್ಯಾಕ್ಸ್ ಬರೆದ ಡಂಜನ್ ಮಾಸ್ಟರ್ಸ್ ಗೈಡ್ (1979) ನೀರಿನ ವಾಹಕತೆಯನ್ನು ಗಣನೆಗೆ ತೆಗೆದುಕೊಂಡಿತ್ತು. ಅದರಂತೆ ನೀರಿನಡಿಯಲ್ಲಿ ಲೈಟ್ನಿಂಗ್ ಬೋಲ್ಟ್ ಮಂತ್ರವು ನೇರ ರೇಖೆಯಲ್ಲಿ ಸಾಗದೆ ಬೆಂಕಿಯುಂಡೆಯ ಮಂತ್ರದಂತೆ ಗೋಳಾಕಾರವಾಗಿ ಹರಡುತ್ತದೆ.

2014ರ ಐದನೆಯ ಆವೃತ್ತಿಯಲ್ಲಿ ಇಂತಹ ನಿಯಮವಿಲ್ಲ. ಇಲ್ಲಿ ಅದೇ ಮಂತ್ರವು 100 ಅಡಿ ಉದ್ದ, 5 ಅಡಿ ಅಗಲದ ರೇಖೆಯಾಗಿದ್ದು, ಆರು ಮುಖದ ಎಂಟು ದಾಳಗಳಷ್ಟು, ಎಂದರೆ ಸರಾಸರಿ 28 ಅಂಕಗಳ ಹಾನಿಯನ್ನು ಮಾಡುತ್ತದೆ. ನೀರಿನಲ್ಲಿ ಪೂರ್ತಿ ಮುಳುಗಿದವರಿಗೆ ಬೆಂಕಿಯ ಹಾನಿ ಅರ್ಧಕ್ಕಿಳಿಯುತ್ತದೆ; ಜಲಯುದ್ಧದ ನಿಯಮಗಳಲ್ಲಿ ಮಿಂಚಿನ ಪ್ರಸ್ತಾಪವೇ ಬರುವುದಿಲ್ಲ. ಪಾತ್‌ಫೈಂಡರ್ ಆಟದ ಎರಡನೆಯ ಆವೃತ್ತಿಯಲ್ಲಿಯೂ (2019) ನೀರು ಬೆಂಕಿ ಮತ್ತು ಆಮ್ಲಗಳಿಂದ ಮಾತ್ರ ರಕ್ಷಣೆ ನೀಡುತ್ತದೆ.

ನಿರ್ವಾಹಕರ ತೀರ್ಮಾನ

ನಿಯಮವು ಮೌನವಾಗಿರುವಲ್ಲಿ ತೀರ್ಮಾನವು ಆಟದ ನಿರ್ವಾಹಕರಿಗೆ ಸೇರಿದ್ದು. ನೀರು ಮಿಂಚನ್ನು ಹರಡುತ್ತದೆ ಎಂದು ಒಪ್ಪಿಕೊಂಡರೆ, ಮೊದಲ ಹಂತದ ಮಂತ್ರದಿಂದ ನೆಲವನ್ನು ತೋಯಿಸಿ, ಎಷ್ಟು ಬಾರಿ ಬೇಕಾದರೂ ಬಳಸಬಹುದಾದ ಶಾಕಿಂಗ್ ಗ್ರಾಸ್ಪ್ ಮಂತ್ರದಿಂದ ಒಂದಿಡೀ ಗುಂಪನ್ನು ಹೊಡೆಯಬಹುದು. ಸಾಮಾನ್ಯವಾಗಿ ಮೂರನೆಯ ಹಂತದ ಮಂತ್ರಕ್ಕೆ ಮೀಸಲಾದ ಸಾಮರ್ಥ್ಯವಿದು. ಅದೇ ತೀರ್ಮಾನವು ಶತ್ರುಗಳಿಗೂ ಅನ್ವಯಿಸುವುದರಿಂದ ಹೊಳೆ ದಾಟುತ್ತಿರುವ ಆಟಗಾರರ ತಂಡವೆಲ್ಲ ಒಂದೇ ಪೆಟ್ಟಿಗೆ ಸಾಯಬಹುದು. ಈ ಪರಿಣಾಮವು ಆಟಗಾರರಿಗೆ ಬಹುತೇಕ ತಡವಾಗಿಯೇ ಹೊಳೆಯುತ್ತದೆ.

ಭೌತವಿಜ್ಞಾನದ ನೆರವು ಪಡೆದರೂ ಉತ್ತರ ಸರಳವಾಗುವುದಿಲ್ಲ. ಶುದ್ಧ ನೀರು ದುರ್ಬಲ ವಾಹಕ. ಕರಗಿದ ಲವಣಗಳ ಅಯಾನುಗಳೇ ವಿದ್ಯುತ್ತನ್ನು ಒಯ್ಯುತ್ತವೆ. ಸಮುದ್ರದ ನೀರು ಮಾನವ ದೇಹಕ್ಕಿಂತ ಉತ್ತಮ ವಾಹಕವಾದ್ದರಿಂದ ವಿದ್ಯುತ್ ಪ್ರವಾಹದ ಹೆಚ್ಚಿನ ಪಾಲು ದೇಹವನ್ನು ಬಳಸಿಕೊಂಡು ಹೋಗುತ್ತದೆ. ಸಿಹಿನೀರಿನಲ್ಲಿ ದೇಹವೇ ಸುಲಭದ ಹಾದಿಯಾಗುತ್ತದೆ. ಹೀಗಾಗಿ ಉಪ್ಪುನೀರೇ ಹೆಚ್ಚು ಅಪಾಯಕಾರಿ ಎಂಬ ಆಟಗಾರರ ಊಹೆ ತಲೆಕೆಳಗಾಗುತ್ತದೆ. (ನಿಜವಾದ ಗುಡುಗು-ಸಿಡಿಲಿನ ಸಮಯದಲ್ಲಿ ಎರಡರಿಂದಲೂ ಹೊರಗಿರಬೇಕು.)

ವಿಡಿಯೋ ಗೇಮ್‌ಗಳ ಪ್ರಭಾವ

ಲೇರಿಯನ್ ಸ್ಟುಡಿಯೋಸ್ ಸಂಸ್ಥೆಯ ಡಿವಿನಿಟಿ: ಒರಿಜಿನಲ್ ಸಿನ್ (2014) ವಿಡಿಯೋ ಗೇಮ್‌ನಲ್ಲಿ ನೀರಿನ ಹೊಂಡಗಳಿಗೆ ವಿದ್ಯುತ್ ಹಾಯಿಸಬಹುದು. ಐದನೆಯ ಆವೃತ್ತಿಯನ್ನು ಆಧರಿಸಿ ಅದೇ ಸಂಸ್ಥೆ 2023ರಲ್ಲಿ ಬಿಡುಗಡೆ ಮಾಡಿದ ಬಾಲ್ಡರ್ಸ್ ಗೇಟ್ 3ರಲ್ಲಿ ಒದ್ದೆಯಾದ ಪಾತ್ರಗಳಿಗೆ ಮಿಂಚಿನ ಹಾನಿ ಇಮ್ಮಡಿಯಾಗುತ್ತದೆ. ಮೂಲ ನಿಯಮಪುಸ್ತಕದಲ್ಲಿ ಈ ಅಂಶವಿಲ್ಲ.