ಡ್ರಮ್ಮಿನೊಳಗೆ ಕೋಳಿ, ಓಣಿ ತುಂಬ ಹೊಗೆ!

ಹೊಗೆ ಅಂದ ಕೂಡಲೇ ದಾವಣಗೆರೆಯವರಿಗೆ ನೆನಪಾಗುವುದು ಮಂಡಕ್ಕಿ ಭಟ್ಟಿ. ಈಗ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ಮೊಬೈಲಿನಲ್ಲಿ ಅಮೆರಿಕದವರ ಹಿತ್ತಲು ನೋಡಿ ನೋಡಿ ಬಾಯಲ್ಲಿ ನೀರೂರಿಸಿಕೊಂಡ ಹುಡುಗರು ಗುಜರಿಯಿಂದ ಹಳೇ ಡ್ರಮ್ಮು ಹೊತ್ತು ತಂದು ವೆಲ್ಡಿಂಗ್ ಅಂಗಡಿ ಮುಂದೆ ನಿಲ್ಲುತ್ತಾರೆ. "ಅಣ್ಣಾ, ಇದಕ್ಕೊಂದು ಮುಚ್ಚಳ, ಒಳಗೆ ಎರಡು ಜಾಲರಿ, ಕೆಳಗೆ ಗಾಳಿ ಹೋಗಾಕೆ ನಾಕು ತೂತು ಮಾಡಿಕೊಡು." ಏನ್ ಸ್ವಾಮಿ ಇದು? ಸ್ಮೋಕರ್! ಭಾನುವಾರ ಇದರೊಳಗೆ ಕೋಳಿಯೂ ಮೆಕ್ಕೆಜೋಳದ ತೆನೆಯೂ ಹೊಗೆಯಲ್ಲೇ ಬೇಯುತ್ತವಂತೆ.

ಬೇಯುತ್ತವೆ, ಸುಳ್ಳಲ್ಲ. ಸರಿಯಾಗಿ ಮಾಡಿದರೆ ಬೆರಳು ಚೀಪುವ ಹಾಗಿರುತ್ತದೆ. ಆದರೆ ಬೇಯಿಸುವುದು ಹೊಗೆಯಲ್ಲ, ಕಾವು. ಹೊಗೆ ಕೊಡುವುದು ಬರೀ ವಾಸನೆ, ಬಣ್ಣ, ರುಚಿ. ಇಷ್ಟು ತಿಳಿಯದೆ ಡ್ರಮ್ಮು ಹಚ್ಚಿದವರು ಹೊರಗೆ ಕಂದು, ಒಳಗೆ ಹಸಿ ಇರುವ ಕೋಳಿ ತಿಂದು ಸೋಮವಾರ ಡಾಕ್ಟರ ಬಾಗಿಲಲ್ಲಿ ಕೂರಬೇಕಾಗುತ್ತದೆ.

ಅಮೆರಿಕದಲ್ಲಿ ಹಿತ್ತಲ ಅಡುಗೆಯ ಹುಚ್ಚು ಹೆಚ್ಚಿಸಿದವರಲ್ಲಿ ಜಾರ್ಜ್ ಸ್ಟೀಫನ್ ಒಬ್ಬ. ಷಿಕಾಗೋ ಕಡೆಯ ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿದ್ದವನು. ದೋಣಿಗಳಿಗೆ ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಡುತ್ತಾರಲ್ಲ, ಅಂಥ ದೊಡ್ಡ ಲೋಹದ ಗುಂಡುಗಳು ಅಲ್ಲಿ ತಯಾರಾಗುತ್ತಿದ್ದವು. 1952ರಲ್ಲಿ ಆತ ಅಂಥ ಗುಂಡಿನ ಒಂದು ಹೋಳನ್ನು ಒಲೆ ಮಾಡಿದ, ಇನ್ನೊಂದನ್ನು ಮುಚ್ಚಳ ಮಾಡಿದ. ಆ ಮುಚ್ಚಳದಲ್ಲೇ ಇದೆ ಎಲ್ಲ ಮಹಿಮೆ. ಕೆಳಗಿನ ತೂತಿನಿಂದ ಗಾಳಿ ಬರುತ್ತೆ, ಮೇಲಿನ ತೂತಿನಿಂದ ಹೋಗುತ್ತೆ, ಕಾವೂ ಹೊಗೆಯೂ ನಡುವೆ ಸುತ್ತುತ್ತವೆ. ಇಲ್ಲಿನ ಡ್ರಮ್ಮು ಮಾಡುವುದೂ ಇದನ್ನೇ.

ಖಾಲಿ ಡ್ರಮ್ಮಿನ ಕಥೆ

ಮೊದಲ ಪ್ರಶ್ನೆ: ಆ ಡ್ರಮ್ಮಿನಲ್ಲಿ ಮೊದಲು ಏನಿತ್ತು? ಗುಜರಿಯವರನ್ನು ಕೇಳಿದರೆ "ಏನೋ ಎಣ್ಣಿ ಇತ್ರೀ" ಅಂತಾರೆ. ಯಾವ ಎಣ್ಣೆ ಎಂದು ಕೇಳಬೇಕು. ಥಿನ್ನರ್, ಪೆಟ್ರೋಲು ಇದ್ದ ಡ್ರಮ್ಮು ಖಾಲಿಯಾದಾಗಲೇ ಹೆಚ್ಚು ಅಪಾಯ. ಒಳಗೆ ಉಳಿದ ಆವಿಗೆ ಕಟರಿನ ಒಂದು ಕಿಡಿ ಸಾಕು, ಬಾಂಬಿನ ಹಾಗೆ ಸಿಡಿಯುತ್ತದೆ. ತಿನ್ನುವವನಿಗಿಂತ ಮೊದಲು ಸಾಯುವವನು ವೆಲ್ಡಿಂಗಿನವನು. ಕೀಟನಾಶಕ, ಕೆಮಿಕಲ್ ತುಂಬಿದ ಡ್ರಮ್ಮನ್ನು ಎಷ್ಟು ತೊಳೆದರೂ ಬೇಡ. ಸತುವಿನ ಲೇಪ ಇರುವ ಹೊಳೆಯುವ ತಗಡು, ಜಾಲರಿ ಕೂಡ ಬೇಡ. ಬೆಂಕಿ ತಾಗಿದರೆ ಅದರಿಂದ ಏಳುವ ಹೊಗೆ ಮೈಗೆ ಒಳ್ಳೆಯದಲ್ಲ. ಅಡುಗೆ ಎಣ್ಣೆ ಬಂದ ಬರೀ ಕಬ್ಬಿಣದ ಡ್ರಮ್ಮು ಸಿಕ್ಕರೆ ಸರಿ. ಅದನ್ನೂ ಬಯಲಿನಲ್ಲಿ ಒಮ್ಮೆ ಧಗಧಗ ಉರಿಸಿ, ಒಳಗಿನ ಬಣ್ಣವನ್ನೆಲ್ಲ ಸುಟ್ಟು ಉಜ್ಜಿ ತೆಗೆದ ಮೇಲೆಯೇ ಕೋಳಿಯ ಮಾತು.

ಕೆರೆ ಏರಿಯ ಮುಳ್ಳು, ಟೆಕ್ಸಾಸಿನ ಸೌದೆ

ಇನ್ನು ಸೌದೆ. ಟೆಕ್ಸಾಸಿನವರು ಮೆಸ್ಕೀಟ್ ಎಂಬ ಮರದ ಹೊಗೆಗೆ ಪ್ರಾಣ ಬಿಡುತ್ತಾರೆ. ಅದೇನು ದೇವಲೋಕದ ಮರ ಅಂದುಕೊಳ್ಳಬೇಡಿ. ಜಗಳೂರು, ಚಿತ್ರದುರ್ಗ, ಬಳ್ಳಾರಿ ಕಡೆ ಬಸ್ಸಿನ ಕಿಟಕಿಯಿಂದ ನೋಡಿದರೆ ಕೆರೆ ಏರಿ, ಅಂಗಳ, ರಸ್ತೆ ಬದಿ ಎಲ್ಲ ಹಬ್ಬಿ ನಿಂತಿರುವ ಬಳ್ಳಾರಿ ಜಾಲಿ ಅದರ ದಾಯಾದಿ. ಎರಡೂ ಒಂದೇ ಕುಲ. ರೈತ ಶಾಪ ಹಾಕುವ ಮುಳ್ಳಿನ ಸೋದರ ಅಲ್ಲಿ ಚೀಲದಲ್ಲಿ ಪ್ಯಾಕಾಗಿ ಮಾರಾಟವಾಗುತ್ತಾನೆ! ಆದರೆ ಇದರ ಹೊಗೆ ಗಡಸು. ಕೋಳಿ ಮೆದು ಮಾಂಸ, ಒಂದು ತುಂಡಿಗಿಂತ ಹೆಚ್ಚು ಹಾಕಿದರೆ ಕಹಿ. ಸೀಬೆ ಕಟ್ಟಿಗೆ ಸಿಕ್ಕರೆ ಇನ್ನೂ ಮೆದು.

ಇದಕ್ಕಿಂತ ಸುಲಭದ್ದು ಊರ ಸುತ್ತಲೇ ಬಿದ್ದಿದೆ. ಮೆಕ್ಕೆಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡು. ಅಮೆರಿಕದ ವರ್ಮಾಂಟ್ ಸೀಮೆಯಲ್ಲಿ ಹಂದಿ ಮಾಂಸಕ್ಕೆ ಈ ಬೆಂಡಿನ ಹೊಗೆಯನ್ನೇ ಹಿಡಿಸುತ್ತಾ ಬಂದಿದ್ದಾರೆ. ಮೆದುವಾದ, ತುಸು ಸಿಹಿ ವಾಸನೆಯ ಹೊಗೆ. ಕಣದಲ್ಲಿ ಮಳೆಗೆ ನೆನೆದು ಬೂಸ್ಟು ಹಿಡಿದದ್ದು ಬೇಡ, ಗರಿಗರಿ ಒಣಗಿದ್ದು ಬೇಕು.

ಯಾವುದನ್ನು ಹಾಕಬಾರದು? ಬಣ್ಣ ಬಳಿದ ಕಿಟಕಿ ಚೌಕಟ್ಟು, ಪ್ಲೈವುಡ್ಡು, ಹಳೇ ರೈಲ್ವೆ ಸ್ಲೀಪರು, ಅಂಟು ಬರುವ ಪ್ಯಾಕಿಂಗ್ ಪೆಟ್ಟಿಗೆ. ಕಣಗಿಲೆ ಕಡ್ಡಿಯಂತೂ ವಿಷ. ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರೆ ತಿನ್ನುವಾಗಲೂ ಸೀಮೆಎಣ್ಣೆಯೇ. ಕಾವಿಗೆ ಇದ್ದಿಲು, ರುಚಿಗೆ ಕಟ್ಟಿಗೆ, ಇದು ಲೆಕ್ಕ. ಡ್ರಮ್ಮಿನ ಬಾಯಿಂದ ತೆಳ್ಳಗೆ, ನೀಲಿ ಎಳೆಯಂತೆ ಹೊಗೆ ಬರುತ್ತಿದ್ದರೆ ಬೆಂಕಿ ಚೆನ್ನಾಗಿದೆ ಅಂತ. ಬೆಳ್ಳಗೆ ದಟ್ಟವಾಗಿ ಬುಸುಬುಸು ಬಂದರೆ ಗಾಳಿ ಸಾಲದು, ಕೋಳಿಗೆ ಮಸಿ ಕಹಿ ಅಂಟುತ್ತಿದೆ ಅಂತ. ಹುಡುಗರು ಈ ಬಿಳಿ ಹೊಗೆ ಕಂಡೇ "ಸೂಪರ್" ಅನ್ನುತ್ತಾರೆ!

ಸ್ಕಿನ್ ಇರ್ಲೇನ್ರಿ?

ಕೋಳಿ ಅಂಗಡಿಯಲ್ಲಿ "ಸ್ಕಿನ್ ತೆಗೀಲೇನ್ರಿ, ಇರ್ಲೇನ್ರಿ?" ಎಂದು ಕೇಳುತ್ತಾರೆ. ಇದಕ್ಕೆ ಇರಬೇಕು. ಚರ್ಮ ಇಲ್ಲದಿದ್ದರೆ ಎದೆ ಭಾಗ ಹತ್ತಿಯಂತೆ ಒಣಗುತ್ತದೆ. ಒಂದೂಕಾಲು ಕೆ.ಜಿ. ಕೋಳಿಯ ಬೆನ್ನು ಸೀಳಿ ಅಗಲ ಮಾಡಿಸಿಕೊಂಡರೆ ಎಲ್ಲ ಕಡೆ ಸಮವಾಗಿ ಬೇಯುತ್ತದೆ. ಲೀಟರು ನೀರಿಗೆ 60 ಗ್ರಾಂ ಉಪ್ಪು ಕದಡಿ ಕೋಳಿಯನ್ನು ಅದರಲ್ಲಿ ಮುಳುಗಿಸಿ ಮೂರು ನಾಲ್ಕು ತಾಸು ಇಡಬೇಕು, ಫ್ರಿಜ್ಜಿನಲ್ಲಿ. ಹೊರಗಿಟ್ಟು ಊರು ಸುತ್ತಲು ಹೋಗಬಾರದು. ತೆಗೆದು ಒರೆಸಿ, ಕಾರದಪುಡಿ, ಮೆಣಸು, ಬೆಳ್ಳುಳ್ಳಿ ಹಚ್ಚಿದರೆ ಸಾಕು.

ಡ್ರಮ್ಮಿನ ಕಾವು 120ರಿಂದ 135 ಡಿಗ್ರಿ ಸೆಲ್ಸಿಯಸ್ ಮುಟ್ಟಿ ನಿಂತ ಮೇಲೆ ಕೋಳಿ ಒಳಗೆ. ಸುಮಾರು ಎರಡೂವರೆ ತಾಸು. ಈ ತಾಸಿನ ಲೆಕ್ಕ ನಂಬಬೇಡಿ, ಗಾಳಿ ಬೀಸಿದರೆ ಬದಲು, ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕಿದರೆ ಇನ್ನೂ ಬದಲು. ಬಣ್ಣವನ್ನೂ ನಂಬಬೇಡಿ. ಮರದ ಹೊಗೆ ತಾಗಿದ ಮಾಂಸ ಬೆಂದ ಮೇಲೂ ಚರ್ಮದ ಕೆಳಗೆ ಗುಲಾಬಿಯಾಗಿಯೇ ಉಳಿಯಬಹುದು. ಹೊಗೆ ಕುಡಿದು ಮೇಲೆ ಕಂದಾದದ್ದು ಒಳಗೆ ಹಸಿಯಿರಬಹುದು. ಹಾಗಾದರೆ ತಿಳಿಯೋದು ಹೇಗೆ? ಚುಚ್ಚುವ ಥರ್ಮಾಮೀಟರು. ತೊಡೆಯ ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು. ಕೋಳಿಯಲ್ಲಿ ಮಾಮೂಲಾಗಿ ಇರುವ ಸಾಲ್ಮೊನೆಲ್ಲಾದಂಥ ರೋಗಾಣು ಆ ಕಾವಿಗೆ ಉಳಿಯುವುದಿಲ್ಲ. 5ರಿಂದ 60 ಡಿಗ್ರಿಯ ನಡುವೆ ಮಾತ್ರ ಅವಕ್ಕೆ ಜಾತ್ರೆ. ಉಗುರುಬೆಚ್ಚಗಿನ ಡ್ರಮ್ಮಿನಲ್ಲಿ ಮಧ್ಯಾಹ್ನವೆಲ್ಲ ಕೋಳಿ ನೇತುಹಾಕುವುದು ಆ ಜಾತ್ರೆಗೆ ಪೆಂಡಾಲು ಹಾಕಿಕೊಟ್ಟಂತೆ. ಡ್ರಮ್ಮಿಗೆ, ಜಾಲರಿಗೆ, ಬಣ್ಣಕ್ಕೆ ದುಡ್ಡು ಸುರಿದವರು ಇದೊಂದಕ್ಕೆ ಮಾತ್ರ ಕೈ ಹಿಡಿಯುತ್ತಾರೆ.

ತೆನೆಯದು ಸುಲಭ. ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳದಲ್ಲಿ ದೊಡ್ಡ ಪಾಲು ಕೋಳಿಯ ಮೇವಾಗಿಯೇ ಹೋಗುತ್ತದೆ. ಹಾಗೆ ನೋಡಿದರೆ ಡ್ರಮ್ಮಿನೊಳಗೆ ಕೆಳಗೂ ಮೇಲೂ ಮೆಕ್ಕೆಜೋಳವೇ! ಮಳೆಗಾಲದಲ್ಲಿ ಗಾಡಿಯವರು ಮಾರುವ ಹಾಲುಗಾಳಿನ ತೆನೆ ತರಬೇಕು. ಉಗುರು ಚುಚ್ಚಿದರೆ ಹಾಲು ಚಿಮ್ಮಬೇಕು. ಕಿತ್ತು ಎರಡು ದಿನ ಆಗಿದ್ದರೆ ಸಿಹಿಯೆಲ್ಲ ಹಿಟ್ಟಾಗಿರುತ್ತದೆ. ಸಿಪ್ಪೆ ಹಿಂದಕ್ಕೆ ಸುಲಿದು, ಕೂದಲು ತೆಗೆದು, ದಾವಣಗೆರೆಯವರಿಗೆ ಹೇಳಿಕೊಡಬೇಕೇ, ಬೆಣ್ಣೆ ಸವರಿ, ಉಪ್ಪು ಉದುರಿಸಿ, ಮತ್ತೆ ಸಿಪ್ಪೆ ಮುಚ್ಚಿ ಅರ್ಧ ತಾಸು ನೀರಲ್ಲಿ ನೆನೆದ ದಾರದಿಂದ ಕಟ್ಟಬೇಕು. ಕೋಳಿಗಿನ್ನೂ ಒಂದು ತಾಸು ಇದೆ ಎನ್ನುವಾಗ ಮೇಲಿನ ಜಾಲರಿಗೆ. ಕೆಳಗಿನ ಜಾಲರಿಗೆ ಬೇಡ, ಹಸಿ ಕೋಳಿಯ ರಸ ತೆನೆ ಮೇಲೆ ತೊಟ್ಟಿಕ್ಕಬಾರದು.

ಷಟರ್ ಇಳಿಸಿದರೆ ಗತಿ?

ವಿನೋಬನಗರದಲ್ಲೋ ಹಳೇಪೇಟೆಯಲ್ಲೋ ಎರಡು ಮನೆಗಳ ನಡುವೆ ಒಂದು ಗೋಡೆ. ಪಕ್ಕದ ಮನೆಯವರು ಒಣಹಾಕಿದ ಸೀರೆಗೆ ಹೊಗೆ ಹತ್ತಿದರೆ ಜಗಳ ಖಂಡಿತ. ಅವರು ಮಾಂಸ ತಿನ್ನದವರಾದರೆ ಜಗಳ ಎರಡು ಪಟ್ಟು. ಅದಾದರೂ ಮಾತಿನಲ್ಲಿ ಮುಗಿಯುತ್ತೆ. ಮಳೆ ಬಂತು ಅಂತ ಡ್ರಮ್ಮನ್ನು ಶೆಡ್ಡಿಗೋ ಅಂಗಡಿಯೊಳಕ್ಕೋ ಎಳೆದು ಷಟರ್ ಅರ್ಧ ಇಳಿಸಿದರೆ ಮಾತಿಗೂ ಜನ ಇರುವುದಿಲ್ಲ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತು, ವಾಕರಿಕೆ, ನಿದ್ದೆ, ಅಷ್ಟೇ. ಹೊಗೆ ನಿಂತಿದೆ, ಕೆಂಡ ಮಾತ್ರ ಐತಲ್ಲ ಎಂದು ಚಳಿಗೆ ರೂಮಿನೊಳಗೆ ಇಟ್ಟುಕೊಂಡು ಮಲಗಿದರೂ ಅದೇ ಗತಿ. ಮಳೆ ಬಂದರೆ ಡ್ರಮ್ಮು ಹೊರಗೇ ನೆನೆಯಲಿ, ಅರ್ಧ ಬೆಂದ ಕೋಳಿಯನ್ನು ಆಗಲೇ ಗ್ಯಾಸಿನ ಒಲೆಗೆ ಏರಿಸಿ ಪೂರ್ತಿ ಬೇಯಿಸಿಕೊಂಡರಾಯಿತು. ನಾಳೆ ಬೇಯಿಸೋಣ ಎಂದು ಎತ್ತಿಡಬಾರದು.

ಊಟವಾದ ಮೇಲೆ ತೂತುಗಳನ್ನೆಲ್ಲ ಮುಚ್ಚಿದರೆ ಬೆಂಕಿ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ಭಾನುವಾರಕ್ಕೆ ಆಗುತ್ತದೆ. ಬೂದಿಯನ್ನು ಮಾತ್ರ ಮರುದಿನ ಬೆಳಿಗ್ಗೆ ತೆಗೆಯಬೇಕು. ರಾತ್ರಿಯೇ ಕಸದ ಬಕೆಟ್ಟಿಗೆ ಸುರಿದರೆ, ಬಕೆಟ್ಟು ಪ್ಲಾಸ್ಟಿಕ್ಕಿನದು.